ಶೆಡ್ಡಿಗೆ ಪತ್ರಾ ಹಾಕುವ ಮೊದಲು ಗಾಳಿ ಯಾವ ಕಡೆಯಿಂದ ಅಂತ ನೋಡಿ

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಜುಲೈನ ಆ ಮಧ್ಯಾಹ್ನ ನೆನಪಾದರೆ ಈಗಲೂ ಸಿಟ್ಟು ಬರುತ್ತದೆ. ಹೀಟ್, ಅಂದರೆ ಒಂದು ಸಲಕ್ಕೆ ಕರಗಿಸಿದ ಕಬ್ಬಿಣ, ರೆಡಿ ಇತ್ತು; ಅದನ್ನು ತುಂಬಿಕೊಂಡ ಲ್ಯಾಡಲ್ (ಹೊಯ್ಯುವ ದೊಡ್ಡ ಪಾತ್ರೆ) ಕ್ರೇನಿಗೆ ಏರಿತ್ತು. ಅಷ್ಟರಲ್ಲಿ ಪಶ್ಚಿಮದಿಂದ ಗಾಳಿ ಎದ್ದು ಮಳೆ ಹೊಡೆಯಿತು. ಫೋರ್‌ಮನ್ ಕೂಗಿದರು: "ಸಾಹೇಬ್ರ, ಬಾಕ್ಸಿನ ಮ್ಯಾಲೆ ನೀರು ಬೀಳಾಕತ್ತೈತ್ರಿ!" ಬಾಕ್ಸ್ ಅಂದರೆ ಕಬ್ಬಿಣ ಹೊಯ್ಯುವ ಅಚ್ಚು.

ಹತ್ತಿರ ಹತ್ತಿರ 1,400 ಡಿಗ್ರಿ ಕಾದ ಕಬ್ಬಿಣದ ಕೆಳಗೆ ನೀರು ಸಿಕ್ಕಿಕೊಂಡರೆ ಒಮ್ಮೆಲೇ ಆವಿಯಾಗಿ ಸಾವಿರ ಪಟ್ಟಿಗೂ ಜಾಸ್ತಿ ಹಿಗ್ಗುತ್ತದೆ, ಕರಗಿದ ಲೋಹವನ್ನೇ ಎತ್ತಿ ಜನರ ಮೇಲೆ ಎಸೆಯುತ್ತದೆ. ಎಲ್ಲರಿಗೂ ಇದು ಗೊತ್ತು. ಲ್ಯಾಡಲ್ ಕ್ರೇನಿನಲ್ಲಿ ತೂಗುತ್ತಾ ನಿಂತಿದೆ, ಲೋಹ ಆರುತ್ತಿದೆ, ಯಾರೂ ಮಾತಾಡುತ್ತಿಲ್ಲ. ಪ್ರೊಡಕ್ಷನ್‌ನವರು "ಒಣಾ ಇದ್ದ ಬಾಕ್ಸಾದ್ರೂ ತುಂಬ್ರೀ" ಅಂದರು. ಹನಿ ಮುಂದೆ ಎಲ್ಲಿ ಬೀಳುತ್ತದೋ ಯಾರಿಗೆ ಗೊತ್ತು? ನಾನೂ ಫೋರ್‌ಮನ್ನೂ ಒಪ್ಪಲಿಲ್ಲ. ಲೋಹ ವಾಪಸ್ ಫರ್ನೇಸಿಗೇ ಹೋಯಿತು.

ಶೆಡ್ ಹೊಸದು, ಮೇಲೆ 0.5 ಎಂಎಂ ಕಲರ್ ಪತ್ರಾ (ಬಣ್ಣದ ತಗಡಿನ ಶೀಟ್). ನನಗೆ ಮೊದಲು ಸಂಶಯ ಬಂದದ್ದು ಸ್ಕ್ರೂ ಮೇಲೆ. ಹಲಗೆ ಹಾಸಿಕೊಂಡು ಮೇಲೆ ಹತ್ತಿ ನೋಡಿದರೆ ಕೆಲವು ಕಡೆ ಜಾಸ್ತಿ ಬಿಗಿದು ರಬ್ಬರ್ ವಾಷರ್ ಹೊರಗೆ ಉಬ್ಬಿ ಸೀಳಿತ್ತು. ಎಲ್ಲ ಬದಲಾಯಿಸಿದೆವು. ಮುಂದಿನ ಮಳೆಗೆ ಅದೇ ಜಾಗದಲ್ಲಿ ಮತ್ತೆ ಹನಿ. ಆಗ ಟಾರ್ಚ್ ಹಿಡಿದು ಕೆಳಗಿನಿಂದಲೇ ನೋಡುತ್ತಾ ನಿಂತೆ. ನೀರು ಒಳಗೆ ಬರುತ್ತಿದ್ದದ್ದು ಸೈಡ್ ಲ್ಯಾಪಿನಲ್ಲಿ, ಅಂದರೆ ಒಂದು ಪತ್ರಾದ ಅಂಚು ಪಕ್ಕದ್ದರ ಅಂಚಿನ ಮೇಲೆ ಕೂರುವ ಜಾಗದಲ್ಲಿ. ಅಲ್ಲಿಂದ ಪರ್ಲಿನ್ (ಪತ್ರಾ ಕೂರಿಸುವ ಅಡ್ಡಪಟ್ಟಿ) ಹಿಡಿದು ಹರಿದು, ಎಲ್ಲೋ ದೂರದಲ್ಲಿ ತೊಟ್ಟಿಕ್ಕುತ್ತಿತ್ತು.

ನಮ್ಮ ಶೆಡ್ ಪೂರ್ವ ಪಶ್ಚಿಮ ಉದ್ದ. ಇಲ್ಲಿ ಮಳೆಗಾಲದ ಗಾಳಿ ಪಶ್ಚಿಮದ್ದು. ಹಾಗಾಗಿ ಪೂರ್ವದ ತುದಿಯಿಂದ ಪತ್ರಾ ಹಾಕುತ್ತಾ ಬರಬೇಕು, ಆಗ ಪ್ರತಿ ಹೊಸ ಪತ್ರಾ ಹಿಂದಿನದ್ದರ ಅಂಚಿನ ಮೇಲೆ ಕೂತು, ಲ್ಯಾಪಿನ ಬಾಯಿ ಗಾಳಿಗೆ ಬೆನ್ನು ಮಾಡಿರುತ್ತದೆ. ಲಾರಿ ಪಶ್ಚಿಮದ ಗೇಟಿನಲ್ಲಿ ಮಾಲು ಇಳಿಸಿತು ಅಂತ ಫಿಟರ್‌ಗಳು ಅಲ್ಲಿಂದಲೇ ಶುರು ಮಾಡಿದ್ದರು. ಪ್ರತಿ ಲ್ಯಾಪೂ ಮಳೆಗೆ ಬಾಯಿ ತೆರೆದು ಕೂತಿತ್ತು.

ಇಳಿಜಾರೂ ಬರೀ 5 ಡಿಗ್ರಿ, ಲ್ಯಾಪಿನಲ್ಲಿ ಸಂದಿ ಮುಚ್ಚುವ ಸೀಲಂಟ್ ಟೇಪ್ ಇಲ್ಲ. ಗುತ್ತಿಗೆದಾರರು "ವಿಜಯಪುರದಾಗ ಹಿಂಗ ಹಾಕೀವ್ರಿ, ಏನೂ ಆಗಿಲ್ಲ" ಅಂದರು. ಆಗಿರಲಿಕ್ಕಿಲ್ಲ. ಅಲ್ಲಿ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ, ಮಣ್ಣಿನ ಸಪಾಟು ಮಾಳಿಗೆಗಳೇ ತಲೆಮಾರುಗಟ್ಟಲೆ ಬಾಳಿವೆ. ಬೆಳಗಾವಿಯಲ್ಲಿ ಅದರ ಎರಡರಷ್ಟು ಮಳೆ. ಇನ್ನೂ ಮುಂದೆ, ಮಳೆ ಮತ್ತೂ ಜಾಸ್ತಿ ಇರುವ ಖಾನಾಪುರ ಕಡೆಯ ಹೆಂಚಿನ ಮನೆಗಳ ಕಡಿದಾದ ಇಳಿಜಾರು ನೋಡಿದ್ದರೂ ಸಾಕಿತ್ತಲ್ವಾ?

ಮಳೆಗಾಲದ ಮಟ್ಟಿಗೆ ಲ್ಯಾಪ್ ಬಿಚ್ಚಿ ಬ್ಯುಟೈಲ್ ಅನ್ನುವ ಸೀಲಂಟ್ ಟೇಪ್ ಹಾಕಿ, ಎರಡೂ ಪತ್ರಾ ಸೇರಿಸಿ ಬಿಗಿಯುವ ಸ್ಟಿಚ್ ಸ್ಕ್ರೂ ಹೊಡೆದೆವು. ದಸರಾ ಆದ ಮೇಲೆ ಪೋರಿಂಗ್ ಬೇ (ಕಬ್ಬಿಣ ಹೊಯ್ಯುವ ಜಾಗ) ಮೇಲಿನ ಪತ್ರಾಗಳನ್ನು ಪೂರ್ವದಿಂದ ಹೊಸದಾಗಿ ಹಾಕಿಸಿದೆವು.

ಈಗ ಎರಡನೇ ಶೆಡ್ಡಿನ ಕೊಟೇಶನ್ ಬಂದಿದೆ. ದಪ್ಪ ಇದೆ, ಬಣ್ಣ ಇದೆ, ರೇಟಂತೂ ಇದ್ದೇ ಇದೆ. ಇಳಿಜಾರು ಎಷ್ಟು, ಯಾವ ತುದಿಯಿಂದ ಶುರು, ಟೇಪ್ ಯಾವುದು, ಒಂದೂ ಇಲ್ಲ. ಮ್ಯಾನೇಜ್‌ಮೆಂಟ್ ಅವಸರ ಮಾಡುತ್ತಿದೆ. ಈ ಮೂರೂ ಬರವಣಿಗೆಯಲ್ಲಿ ಬರುವ ತನಕ ನನ್ನ ಸಹಿ ಇಲ್ಲ ಅಂತ ಪರ್ಚೇಸ್‌ನವರಿಗೆ ಹೇಳಿದ್ದೇನೆ.