ಟೆಂಡರ್ ಓದುವಾಗ ಕೆಂಪಾಗುವ ಮುಖ

ಶಿರಸಿಯಲ್ಲಿ ಅಡಿಕೆ ವ್ಯಾಪಾರದ ಸಂಘವೊಂದರಲ್ಲಿ ನನ್ನ ಕೆಲಸ. ಒಬ್ಬ ರೈತರ ಅಡಿಕೆ ಚೀಲಗಳ ಗುಂಪಿಗೆ ಲಾಟ್ ಅನ್ನುತ್ತಾರೆ. ವ್ಯಾಪಾರಿಗಳು ದರ ಬರೆದುಕೊಟ್ಟ ಟೆಂಡರ್ ಚೀಟಿ ತೆರೆದ ಮೇಲೆ ಲಾಟ್ ನಂಬರ್, ದರ, ವ್ಯಾಪಾರಿಯ ಹೆಸರು ಓದಿ ಹೇಳುವುದು ನನ್ನ ಪಾಲಿಗೆ ಬಂದಿದೆ. ಎದುರಿಗೆ ಕೂತವರು ಇಡೀ ವರ್ಷದ ದುಡಿಮೆಯನ್ನು ಚೀಲದಲ್ಲಿ ತುಂಬಿ ತಂದವರು. ನಾನು ಬಾಯಿ ಬಿಡುವುದನ್ನೇ ಕಾಯುತ್ತಿರುತ್ತಾರೆ. ಆಗ ಮೊದಲು ಕಿವಿ ಬಿಸಿಯಾಗುತ್ತದೆ. ಆಮೇಲೆ ಕೆನ್ನೆ, ಕುತ್ತಿಗೆ. ಚೀಟಿ ಹಿಡಿದ ಬೆರಳು ಮಾತ್ರ ತಣ್ಣಗೆ.

ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಚಾಲಿ, ಅಂದರೆ ಹಣ್ಣಡಿಕೆಯನ್ನು ಬಿಸಿಲಲ್ಲಿ ಒಣಗಿಸಿ ಸುಲಿದ ಅಡಿಕೆಯ ಲಾಟಿಗೆ ಕಡಿಮೆ ದರ ಬಂತು. ಹಿರಿಯರೊಬ್ಬರು ಎದ್ದು, "ಇಷ್ಟೇಯಾ ತಮ್ಮಾ? ಸರಿ ನೋಡಿ ಓದು" ಅಂದರು. ಸರಿಯಾಗೇ ಓದಿದ್ದೆ. ಆದರೂ ಮುಖ ಕೆಂಪೇರಿತು. "ಮುಖ ಎಂತಕ್ಕೆ ಕೆಂಪಾಯ್ತು? ಎಂತಾದ್ರೂ ಮುಚ್ಚಿಡ್ತಾ ಇದ್ಯಾ?" ಅಂತ ಕೇಳಿಯೇಬಿಟ್ಟರು. ನನಗೆ ಮಾತೇ ಹೊರಡಲಿಲ್ಲ. ಏನೂ ತಪ್ಪು ಮಾಡದೆ ಕಳ್ಳನ ಹಾಗೆ ನಿಂತಿದ್ದೆ. ಅವತ್ತಿನ ರಾತ್ರಿ ಊಟ ಸೇರಲಿಲ್ಲ.

ಆಮೇಲೆ ಮುಚ್ಚಿಕೊಳ್ಳುವುದೇ ಕೆಲಸವಾಯ್ತು. ಕರ್ಚೀಫಿನಲ್ಲಿ ಮುಖ ಒರೆಸುವುದು, ಕಿಟಕಿಯ ಬೆಳಕಿಗೆ ಬೆನ್ನು ಹಾಕಿ ನಿಲ್ಲುವುದು, ತಲೆ ತಗ್ಗಿಸಿ ಓದುವುದು. ತಲೆ ತಗ್ಗಿಸಿದರೆ ದನಿ ಹಿಂದಿನ ಸಾಲಿಗೆ ಮುಟ್ಟುವುದಿಲ್ಲ. "ಜೋರಾಗಿ ಓದೋ" ಅಂತ ಕೂಗುತ್ತಾರೆ. ಎಲ್ಲರೂ ತಿರುಗಿ ನೋಡುತ್ತಾರೆ. ಮತ್ತೆ ಕೆಂಪು.

ಹೀಗೇಕಾಗುತ್ತದೆ ಅಂತ ಒಬ್ಬ ಡಾಕ್ಟರು ಬಿಡಿಸಿ ಹೇಳಿದರು. ಗಾಬರಿಯಾದಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ. ಕೈಬೆರಳಿನ ರಕ್ತನಾಳಗಳು ಬಿಗಿಯುತ್ತವೆ, ಮುಖದವು ಅಗಲವಾಗುತ್ತವೆ. ನಮ್ಮ ಕೈಯಲ್ಲಿ ಅದರ ಸ್ವಿಚ್ಚಿಲ್ಲ. ಚಾರ್ಲ್ಸ್ ಡಾರ್ವಿನ್ 1872ರಲ್ಲೇ ಇದನ್ನು ಬರೆದಿದ್ದಾರೆ: ಕಚಗುಳಿ ಇಟ್ಟು ನಗಿಸಬಹುದು, ಆದರೆ ಮೈ ಮುಟ್ಟಿ ಯಾರ ಮುಖವನ್ನೂ ಹೀಗೆ ಕೆಂಪಾಗಿಸಲು ಆಗದು. ತಡೆಯಬೇಕು ಅಂದಷ್ಟೂ ಗಮನ ನಮ್ಮ ಮೇಲೇ ಬಂದು ಅದು ಜಾಸ್ತಿಯಾಗುತ್ತದೆ. ನಾನು ಮಾಡುತ್ತಿದ್ದದ್ದು ಅದನ್ನೇ ಅಲ್ವಾ?

ಹಾಗಾಗಿ ತಡೆಯುವುದನ್ನು ಬಿಟ್ಟೆ. ಕೆನ್ನೆಯ ಮೇಲಿದ್ದ ಗಮನವನ್ನು ಚೀಟಿಯ ಮೇಲೆ ಇಟ್ಟೆ. ಲಾಟ್ ನಂಬರ್ ಓದುತ್ತೇನೆ, ಆ ಲಾಟಿನ ರೈತರು ಎಲ್ಲಿ ಕೂತಿದ್ದಾರೆ ಅಂತ ಹುಡುಕುತ್ತೇನೆ, ಅವರನ್ನೇ ನೋಡಿ ದರ ಹೇಳುತ್ತೇನೆ. ಅವರಿಗೆ ಕೇಳಿಸಿತಾ ಅಂತ ನೋಡುವಷ್ಟರಲ್ಲಿ ನನ್ನ ಮುಖದ ನೆನಪೇ ಇರುವುದಿಲ್ಲ. ಶುರುವಿಗೆ ಮುಂಚೆ ಉಸಿರನ್ನು ನಿಧಾನಕ್ಕೆ, ಉದ್ದಕ್ಕೆ ಬಿಡುತ್ತೇನೆ. ಅದರಿಂದ ಕೆಂಪು ಹೋಗುವುದಿಲ್ಲ, ದನಿ ಮಾತ್ರ ನಡುಗದೆ ನಿಲ್ಲುತ್ತದೆ. ನನಗೆ ಅಷ್ಟು ಸಾಕು.

ಇನ್ನೊಂದು, ಬಾಯಿ ಬಿಟ್ಟು ಹೇಳಿಬಿಡುವುದು. "ನಾಲ್ಕು ಜನರ ಮುಂದೆ ನಿಂತರೆ ನನ್ನ ಮುಖ ಹೀಗೇ. ದರ ಸರಿಯಾಗೇ ಇದೆ, ಬೇಕಾದರೆ ಚೀಟಿ ನೋಡಿ." ಇದನ್ನು ಮೊದಲ ಸಲ ಹೇಳಲು ನನಗೆ ಒಂದು ವರ್ಷ ಬೇಕಾಯ್ತು. ಹೇಳಿದ ಮೇಲೆ ಮುಚ್ಚಿಡಲಿಕ್ಕೆ ಏನೂ ಉಳಿಯಲಿಲ್ಲ.

ಇಷ್ಟಕ್ಕೇ ಎಲ್ಲರಿಗೂ ಸರಿಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಕೆಂಪಾಗುವ ಹೆದರಿಕೆಯಿಂದ ಮೀಟಿಂಗ್, ಮದುವೆಮನೆ ತಪ್ಪಿಸುತ್ತಿದ್ದರೆ ಆಪ್ತಸಮಾಲೋಚಕರ ಹತ್ತಿರ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಪುಕ್ಕಟೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಕೆಂಪು ಇಳಿಯದೆ ಉರಿ ಇದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ಗೆಳೆಯರು ಹೇಳಿದ ಮಾತ್ರೆಯನ್ನು ಸುಮ್ನೆ ನುಂಗಬೇಡಿ.

ಅದೇ ಹಿರಿಯರು ಮರುವರ್ಷ ರಾಶಿ, ಅಂದರೆ ಬೇಯಿಸಿ ಒಣಗಿಸಿದ ಕೆಂಪಡಿಕೆ ತಂದಿದ್ದರು. ಅವರ ನಂಬರ್ ಬಂದಾಗ ಕಿವಿ ಬಿಸಿಯಾಯ್ತು. ಅವರ ಕಡೆ ನೋಡಿಯೇ ದರ ಓದಿದೆ. ಅವರು ಒಂದು ಕ್ಷಣ ನನ್ನನ್ನು ನೋಡಿ, "ಆಯ್ತು ತಮ್ಮಾ, ಕೊಟ್ಟೆ" ಅಂದರು. ನಾನು ಮುಂದಿನ ಚೀಟಿ ತೆಗೆದೆ.