ಕಮಿಟಿಯಿಂದ ಸಂಬಳದ ಕುರ್ಚಿಗೆ: ಮೊದಲು ತಾರೀಕು ನೋಡಿ

ಮಂಗಳೂರು, ಉಡುಪಿ ಕಡೆಯ ಸಂಘ-ಟ್ರಸ್ಟ್‌ಗಳಲ್ಲಿ ಇದು ಮಾಮೂಲು. ಮ್ಯಾನೇಜರ್ ಬಿಟ್ಟು ಹೋಗುತ್ತಾರೆ, ಹೊಸಬರು ಸಿಗುವುದಿಲ್ಲ. "ನಮ್ಮ ಕಾರ್ಯದರ್ಶಿಗಳೇ ನೋಡಿಕೊಳ್ಳಲಿ, ತಿಂಗಳಿಗೆ ಏನಾದರೂ ಕೊಡುವ" ಎಂದು ಸಭೆಯಲ್ಲಿ ಯಾರೋ ಹೇಳುತ್ತಾರೆ, ಚಾ ಬರುವಷ್ಟರಲ್ಲಿ ಠರಾವು ಪಾಸು.

ಸಂಘವಾದರೆ ಬೈಲಾ, ಟ್ರಸ್ಟ್ ಆದರೆ ಡೀಡ್ (ಸ್ಥಾಪನಾ ಪತ್ರ) ಮೊದಲು ತೆಗೆಯಿರಿ. ಡೀಡಿನಲ್ಲಿ ಸ್ಪಷ್ಟವಾಗಿ ಬರೆದಿಲ್ಲದಿದ್ದರೆ ಟ್ರಸ್ಟಿಗೆ ಸಂಬಳದ ಹಕ್ಕಿಲ್ಲ ಎಂಬುದು ಹಳೆಯ ನಿಯಮ. ಸೆಕ್ಷನ್ 8 ಕಂಪನಿಯಲ್ಲಿ, ಅಂದರೆ ಲಾಭ ಹಂಚದ ಸೇವಾ ಉದ್ದೇಶದ ಕಂಪನಿಯಲ್ಲಿ, ಇನ್ನೂ ಬಿಗಿ: ಅದರ ಸ್ಥಾಪನಾ ಪತ್ರವಾದ ಮೆಮೊರಾಂಡಮ್‌ನ ಪ್ರಮಾಣಿತ ನಮೂನೆ ಪ್ರಕಾರ ಸಂಬಳ ಕೊಡಬಹುದಾದ್ದು ಸದಸ್ಯರಲ್ಲದವರಿಗೆ. ನಿರ್ದೇಶಕ ಸ್ಥಾನ ಬಿಟ್ಟು ಸದಸ್ಯತ್ವ ಉಳಿಸಿಕೊಂಡರೆ ಪ್ರಯೋಜನವಿಲ್ಲ.

ಗಲಾಟೆ ಹುಟ್ಟುವುದು ನಿರ್ಣಯ ಪುಸ್ತಕದಲ್ಲಿ. 'ವಿಷಯ 4: ಮ್ಯಾನೇಜರ್ ನೇಮಕ' ಎಂದಿರುವ ಪುಟದ ಹಾಜರಿ ಪಟ್ಟಿಯಲ್ಲಿ ನೇಮಕವಾದವರದ್ದೇ ಸಹಿ ಇರುತ್ತದೆ, ರಾಜೀನಾಮೆ ಪತ್ರಕ್ಕೆ ಅದರ ಮರುದಿನದ ತಾರೀಕು! ಸರಿಯಾದ ಕ್ರಮ ಇದರ ತಿರುಗುಮುರುಗು. ಒಂದು ಸಭೆಯಲ್ಲಿ ರಾಜೀನಾಮೆ ಅಂಗೀಕಾರ, ಬಳಿಕ ಹುದ್ದೆಯ ಪ್ರಕಟಣೆ, ಹೊರಗಿನ ಅರ್ಜಿಗಳ ಜತೆಗೇ ಸಂದರ್ಶನ, ಇನ್ನೊಂದು ಸಭೆಯಲ್ಲಿ ನೇಮಕ. ನೇಮಕವಾಗುವವರ ಹೆಂಡತಿಯೋ ತಮ್ಮನೋ ಕಮಿಟಿಯಲ್ಲಿದ್ದರೆ ಆ ವಿಷಯ ಬಂದಾಗ ಹೊರಗೆ ಹೋದರೆಂದು ಬರೆಯಿರಿ, ಅವರನ್ನು ಬಿಟ್ಟು ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ) ಇದೆಯೇ ಎಣಿಸಿ. ರಾಜೀನಾಮೆಗೂ ಅರ್ಜಿಗೂ ನಡುವೆ 6 ತಿಂಗಳ ಅಂತರ ಇರಬೇಕೆಂದು ಬೈಲಾದಲ್ಲೇ ಸೇರಿಸಿಕೊಳ್ಳುವುದು ಒಳ್ಳೆಯದು. ಕಾನೂನು ಹೀಗೆ ಕೇಳುವುದಿಲ್ಲ; ಮಹಾಸಭೆಯಲ್ಲಿ ಸದಸ್ಯರು ಕೇಳುತ್ತಾರೆ.

ಸಂಬಳದ ಮೊತ್ತ ಆದಾಯ ತೆರಿಗೆಯ ವಿಷಯ. ಆ ಕಾನೂನಿನ ಪ್ರಕಾರ ಟ್ರಸ್ಟಿ, ಸ್ಥಾಪಕ, ಅವರ ಸಂಬಂಧಿಕರಿಗೆ ಕೆಲಸಕ್ಕೆ ತಕ್ಕ ಸಂಬಳ ಕೊಡಬಹುದು, ಮಿತಿಮೀರಿದರೆ ತೆರಿಗೆ ವಿನಾಯಿತಿಗೆ ಕುತ್ತು. ರಾಜೀನಾಮೆ ಕೊಟ್ಟರೂ ಸ್ಥಾಪಕ ಸ್ಥಾಪಕನೇ. ಆ ಪಟ್ಟಿಯಿಂದ ಹೆಸರು ಹೋಗುವುದಿಲ್ಲ. ಆಸುಪಾಸಿನ ಎರಡು ಮೂರು ಸಂಸ್ಥೆಗಳಲ್ಲಿ ಇದೇ ಕೆಲಸಕ್ಕೆ ಎಷ್ಟು ಕೊಡುತ್ತಾರೆಂದು ವಿಚಾರಿಸಿ, ಆ ಕಾಗದ ಫೈಲಿನಲ್ಲಿಡಿ. 'ಗೌರವಧನ' ಎಂದು ವೋಚರ್ ಬರೆದ ಮಾತ್ರಕ್ಕೆ ಸಂಬಳ ಸಂಬಳ ಅಲ್ಲದೆ ಹೋಗುವುದಿಲ್ಲ.

ವಿದೇಶಿ ದೇಣಿಗೆ ಪಡೆಯುವವರಿಗೆ ಇನ್ನೊಂದು ಲೆಕ್ಕ. ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿಯ ನಂತರ ಆ ಹಣದಿಂದ ಮಾಡಬಹುದಾದ ಆಡಳಿತ ಖರ್ಚಿನ ಮಿತಿ ದೇಣಿಗೆಯ ಶೇ. 50ರಿಂದ 20ಕ್ಕೆ ಇಳಿದಿದೆ. ವರ್ಷಕ್ಕೆ 20 ಲಕ್ಷ ಬಂದರೆ ಮಿತಿ 4 ಲಕ್ಷ. ಮ್ಯಾನೇಜರ್‌ಗೆ ತಿಂಗಳಿಗೆ 30,000 ಕೊಟ್ಟರೆ 3.6 ಲಕ್ಷ ಅಲ್ಲಿಗೇ ಹೋಯಿತು. ಬಾಡಿಗೆ, ಕರೆಂಟ್ ಬಿಲ್, ಆಡಿಟರ್ ಫೀಸಿಗೆ ಉಳಿಯುವುದು 40,000. ಕಾರ್ಯಕಾರಿ ಸಮಿತಿಯಲ್ಲಿ ಇದ್ದುಕೊಂಡೇ ಸಂಬಳ ತೆಗೆದರೆ ಅದೂ ಆಡಳಿತ ಖರ್ಚೇ. ಸಮಿತಿಯ ಹೊರಗಿದ್ದು ಮಕ್ಕಳಿಗೆ ಪಾಠ ಮಾಡುವ ಟೀಚರ ಸಂಬಳ ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ.

ಕೊನೆಗೆ ಬ್ಯಾಂಕು. ಚೆಕ್ಕಿಗೆ ಸಹಿ ಹಾಕುವವರ ಪಟ್ಟಿಯಿಂದ ಹಳೆಯ ಕಾರ್ಯದರ್ಶಿಯ ಹೆಸರು ತೆಗೆಸದಿದ್ದರೆ, ತನ್ನ ಸಂಬಳದ ಚೆಕ್ಕಿಗೆ ತಾನೇ ಸಹಿ ಹಾಕುವ ಮ್ಯಾನೇಜರ್ ಸಿಗುತ್ತಾರೆ.