ಡಿಶ್‌ವಾಷರ್ ಪುಡಿಗೆ ಸೋಡಾ ಒಂದೇ ಸಾಲದು

ಮನೆಯಲ್ಲೇ ಡಿಶ್‌ವಾಷರ್ ಪುಡಿ ಮಾಡಲು ಹೊರಟು ಕೈಬಿಟ್ಟ ನನ್ನ ಪರಿಚಯದವರದೆಲ್ಲ ಹೆಚ್ಚುಕಮ್ಮಿ ಒಂದೇ ದೂರು. ತಟ್ಟೆಯ ಜಿಡ್ಡು ಹೋಗುತ್ತದೆ, ಆದರೆ ಗಾಜಿನ ಲೋಟದ ಮೇಲೆ ಬಿಳಿ ಪೊರೆ ಕೂರುತ್ತದೆ. ಅವರ ಪುಡಿಯಲ್ಲಿ ಸೋಡಾ ಇರುತ್ತದೆ, ಉಪ್ಪು ಇರುತ್ತದೆ, ಒಂದಿಷ್ಟು ನಿಂಬೆ ಉಪ್ಪೂ (ಸಿಟ್ರಿಕ್ ಆಮ್ಲ) ಇರುತ್ತದೆ. ನೀರಿನಲ್ಲಿರುವ ಸುಣ್ಣದ ಅಂಶವನ್ನು ಹಿಡಿದಿಡಲು ಬೇಕಾದಷ್ಟು ಸಾಮಾನು ಮಾತ್ರ ಇರುವುದಿಲ್ಲ. ನನ್ನ ಪ್ರಕಾರ ಇಡೀ ವಿಷಯ ನಿಂತಿರುವುದೇ ಇದರ ಮೇಲೆ.

ನಾನು ಪುಡಿ ಮಾಡಲು ಶುರುಮಾಡಿದ್ದು ವಾಸನೆಯ ಕಾರಣಕ್ಕೆ. ನಮ್ಮ ಅತ್ತೆಗೆ ಸೆಂಟಿನ ವಾಸನೆ ತಾಗಿದರೆ ಸೀನು ನಿಲ್ಲುವುದಿಲ್ಲ. ತೊಳೆದು ಮುಗಿದ ತಕ್ಷಣ ಬಾಗಿಲು ತೆಗೆದರೆ ಬಿಸಿ ಆವಿಯ ಜೊತೆ ಆ ವಾಸನೆ ಮುಖಕ್ಕೇ ಬರುತ್ತದೆ, ಅಲ್ವಾ? ಈಗ ನಮ್ಮ ಡಬ್ಬಿಯಲ್ಲಿ ಇರುವುದು ಮೂರೇ ಸಾಮಾನು. ಯಾವುದರಲ್ಲೂ ಸೆಂಟು ಇಲ್ಲ.

ಮೊದಲನೆಯದು ವಾಷಿಂಗ್ ಸೋಡಾ, ಅಂದರೆ ಸೋಡಿಯಂ ಕಾರ್ಬೊನೇಟ್. ಅಡುಗೆ ಸೋಡಾ ಇದರ ಕೆಲಸ ಮಾಡುವುದಿಲ್ಲ. ಅಡುಗೆ ಸೋಡಾ ಕರಗಿದ ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 8ರ ಆಸುಪಾಸು, ವಾಷಿಂಗ್ ಸೋಡಾದ್ದು ಸುಮಾರು 11. ಜಿಡ್ಡು ಬಿಡಿಸಲು ಅಷ್ಟು ಕ್ಷಾರ ಬೇಕೇ ಬೇಕು. ಕೊಳ್ಳುವಾಗ ಒಂದು ನೋಡಿಕೊಳ್ಳಿ. ದೊಡ್ಡ ಹರಳಿನ ವಾಷಿಂಗ್ ಸೋಡಾದಲ್ಲಿ ತೂಕದ ಅರ್ಧಕ್ಕಿಂತ ಜಾಸ್ತಿ ನೀರೇ ಇರುತ್ತದೆ. ಒಣ ಪುಡಿ ಸಿಕ್ಕರೆ ಅದನ್ನೇ ತನ್ನಿ.

ವಾಷಿಂಗ್ ಸೋಡಾ ಸಿಗದೇ ಹೋದರೆ ಅಡುಗೆ ಸೋಡಾದಿಂದಲೇ ಮಾಡಿಕೊಳ್ಳಬಹುದು. ನನಗೆ ತುಂಬಾ ಇಷ್ಟದ ಕೆಲಸ ಇದು. ಗಾಜಿನ ಅಥವಾ ಸ್ಟೀಲ್ ತಟ್ಟೆಯಲ್ಲಿ ತೆಳುವಾಗಿ ಹರಡಿ, ಒವನ್‌ನಲ್ಲಿ 200 ಡಿಗ್ರಿಗೆ ಇಟ್ಟು, ನಡುವೆ ಒಮ್ಮೆ ಕೈಯಾಡಿಸಿ, ಒಂದು ಗಂಟೆ ಬಿಡಿ. ಬಿಸಿಗೆ ನೀರೂ ಕಾರ್ಬನ್ ಡೈಆಕ್ಸೈಡೂ ಹೊರಟುಹೋಗುತ್ತವೆ. ಮಿನುಗುತ್ತಿದ್ದ ಪುಡಿ ಹೊಳಪು ಕಳೆದುಕೊಂಡು ಮಬ್ಬಾಗುತ್ತದೆ. ಪೂರ್ತಿ ಆಗಿದೆಯೋ ಇಲ್ಲವೋ ಅಂತ ತಿಳಿಯಲು ತಕ್ಕಡಿ ಸಾಕು. 100 ಗ್ರಾಂ ಇಟ್ಟಿದ್ದರೆ ಕೊನೆಗೆ 63 ಗ್ರಾಂ ಉಳಿಯಬೇಕು. 75 ಇದ್ದರೆ ಇನ್ನಷ್ಟು ಹೊತ್ತು ಬಿಡಿ.

ಈಗ ಎರಡನೆಯದು, ನಿಜವಾಗಿ ಮುಖ್ಯವಾದದ್ದು: ಸೋಡಿಯಂ ಸಿಟ್ರೇಟ್. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಇರುತ್ತದೆ. ವಾಷಿಂಗ್ ಸೋಡಾ ಅದರ ಜೊತೆ ಸೇರಿದ ಕೂಡಲೇ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಅಂದರೆ ಸೀಮೆಸುಣ್ಣದ ಪುಡಿ. ಲೋಟದ ಮೇಲೆ ಕೂರುವುದು ಅದೇ. ಹಾಗಾಗಿ ಬರೀ ಸೋಡಾ ಜಾಸ್ತಿ ಮಾಡಿದಷ್ಟೂ ಲೋಟ ಇನ್ನೂ ಬಿಳಿಚಿಕೊಳ್ಳುತ್ತದೆ. ಸಿಟ್ರೇಟ್ ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡು ನೀರಿನಲ್ಲೇ ಕರಗಿಸಿ ಇಡುತ್ತದೆ, ಕೊಳೆ ನೀರಿನ ಜೊತೆ ಅದೂ ಹೊರಗೆ ಹೋಗುತ್ತದೆ.

ಅಂಗಡಿ ಪುಡಿಗಳಲ್ಲಿ ಮೊದಲು ಈ ಕೆಲಸ ಮಾಡುತ್ತಿದ್ದದ್ದು ಫಾಸ್ಫೇಟ್. ಅದು ಕೆರೆ, ಹೊಳೆ ಸೇರಿ ಪಾಚಿ ಬೆಳೆಯಲು ಕಾರಣವಾಗುತ್ತದೆ ಅಂತ ಅಮೆರಿಕದ ಹಲವು ರಾಜ್ಯಗಳು 2010ರಲ್ಲಿ, ಯುರೋಪಿಯನ್ ಒಕ್ಕೂಟ 2017ರಲ್ಲಿ ಡಿಶ್‌ವಾಷರ್ ಪುಡಿಗೆ ಕಡಿವಾಣ ಹಾಕಿದವು. ಫಾಸ್ಫೇಟ್ ಇಲ್ಲದ ಎಷ್ಟೋ ಪುಡಿಗಳಲ್ಲಿ ಈಗ ಸಿಟ್ರೇಟ್ ಇದೆ. ಕಂಪನಿಯವರು ನೆಚ್ಚಿಕೊಂಡ ಸಾಮಾನನ್ನೇ ಮನೆಯಲ್ಲಿ ಮಾಡುವವರು ಬಿಡುತ್ತಾರಲ್ಲ, ಅದೇ ನನಗೆ ಬೇಜಾರು.

ಮೂರನೆಯದು ಸೋಡಿಯಂ ಪರ್ಕಾರ್ಬೊನೇಟ್, ಬಟ್ಟೆಗೆ ಹಾಕುವ ಆಕ್ಸಿಜನ್ ಬ್ಲೀಚ್. ಕಪ್ಪಿನ ಒಳಗಿನ ಚಹಾ ಕರೆ ಹೋಗುವುದು ಇದರಿಂದ. ಬಿಸಿ ನೀರಿನಲ್ಲಿ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ, ನಾನು 60 ಡಿಗ್ರಿಗಿಂತ ಕಡಿಮೆ ಇಡುವುದಿಲ್ಲ.

ನನ್ನ ಅಳತೆ ಹೀಗಿದೆ: 500 ಗ್ರಾಂ ವಾಷಿಂಗ್ ಸೋಡಾ, 300 ಗ್ರಾಂ ಸಿಟ್ರೇಟ್, 200 ಗ್ರಾಂ ಪರ್ಕಾರ್ಬೊನೇಟ್. ಒಂದು ಸಲಕ್ಕೆ ಸುಮಾರು 20 ಗ್ರಾಂ. ನಿಮ್ಮ ನೀರು ಮೆದುವಾಗಿದ್ದರೆ 15 ಗ್ರಾಂನಿಂದ ಶುರುಮಾಡಿ.

ಲೋಟ ಆಗಲೇ ಮಂಕಾಗಿದ್ದರೆ ಬಿಸಾಡುವ ಮೊದಲು ಒಂದು ಪರೀಕ್ಷೆ ಮಾಡಿ. ನಿಂಬೆ ಉಪ್ಪು ಕರಗಿಸಿದ ಬೆಚ್ಚಗಿನ ನೀರಿನಲ್ಲಿ ಲೋಟವನ್ನು ಅರ್ಧದವರೆಗೆ ಮುಳುಗಿಸಿ ಸ್ವಲ್ಪ ಹೊತ್ತು ಬಿಡಿ. ಸುಣ್ಣದ ಪೊರೆಯಾದರೆ ಮುಳುಗಿದ ಭಾಗ ತಿಳಿಯಾಗಿ, ನಡುವೆ ಗೆರೆ ಎಳೆದ ಹಾಗೆ ಕಾಣುತ್ತದೆ. ಆಗ ಪುಡಿಯಲ್ಲಿ ಸಿಟ್ರೇಟ್ ಹೆಚ್ಚಿಸಬೇಕು. ಎಷ್ಟು ನೆನೆಸಿದರೂ ಎರಡೂ ಭಾಗ ಒಂದೇ ಥರ ಮಂಕಾಗಿದ್ದರೆ ಗಾಜೇ ಸವೆದಿದೆ. ಮೆದು ನೀರಿಗೆ ಕ್ಷಾರ ಜಾಸ್ತಿಯಾದರೆ ಹೀಗಾಗುತ್ತದೆ, ಇದು ಮತ್ತೆ ಸರಿಹೋಗುವುದಿಲ್ಲ. ಅಲ್ಲಿ ಪುಡಿ ಕಡಿಮೆ ಮಾಡಬೇಕು. ಹೊರಗಿನಿಂದ ನೋಡಲು ಎರಡೂ ಒಂದೇ, ಮದ್ದು ಮಾತ್ರ ತದ್ವಿರುದ್ಧ.

ನಿಂಬೆ ಉಪ್ಪನ್ನೇ ಪುಡಿಗೆ ಬೆರೆಸಬಾರದಾ ಅಂತ ನಮ್ಮಕ್ಕ ಕೇಳಿದ್ದಳು. ಬೆರೆಸಿದರೆ ಪೂರ್ತಿ ದಂಡವೇನಲ್ಲ. ನೀರು ಬಿದ್ದಾಗ ಸೋಡಾ ಜೊತೆ ನೊರೆಯೆದ್ದು ಅದೂ ಸಿಟ್ರೇಟೇ ಆಗುತ್ತದೆ. ಆದರೆ ಅಷ್ಟು ಸೋಡಾ ಅಲ್ಲೇ ಖರ್ಚಾಗಿಹೋಗುತ್ತದೆ. ಜೊತೆಗೆ ಗಾಳಿಯ ತೇವಕ್ಕೇ ಡಬ್ಬಿಯೊಳಗೆ ಇವೆರಡೂ ನಿಧಾನವಾಗಿ ಕೂಡಿಕೊಂಡು ಕಲ್ಲಿನ ಹಾಗೆ ಗಟ್ಟಿಯಾಗುತ್ತವೆ. ನಾನಂತೂ ಹಾಕುವುದಿಲ್ಲ.

ಪುಡಿಗೆ ಅಡುಗೆ ಉಪ್ಪು ಸೇರಿಸುವುದು ಸುಮ್ನೆ ವ್ಯರ್ಥ. ಡಿಶ್‌ವಾಷರ್‌ಗೆ ಉಪ್ಪು ಬೇಕು ಅನ್ನುವುದು ನಿಜ. ಅದು ಹೋಗುವುದು ನೀರು ಮೆದುಮಾಡುವ ಭಾಗದ ಬೇರೆ ಗುಂಡಿಗೆ, ಅದಕ್ಕೆ ಡಿಶ್‌ವಾಷರ್ ಉಪ್ಪೇ ಆಗಬೇಕು. ಪಾತ್ರೆ ಮೇಲೆ ಬಿದ್ದ ಉಪ್ಪು ನೀರನ್ನು ಮೆದುಮಾಡುವುದಿಲ್ಲ, ಸ್ಟೀಲಿಗೂ ಒಳ್ಳೆಯದಲ್ಲ. ಕೈಯಲ್ಲಿ ಪಾತ್ರೆ ತೊಳೆಯುವ ಸೋಪಿನ ನೀರಂತೂ ಒಂದು ಹನಿಯೂ ಬೇಡ. ನೊರೆ ಉಕ್ಕಿ ನೆಲಕ್ಕೆ ಬರುತ್ತದೆ.

ಅಂಗಡಿಯ ಪುಡಿಯಲ್ಲಿರುವ ಕಿಣ್ವಗಳು ಇದರಲ್ಲಿ ಇಲ್ಲ. ಹಿಟ್ಟಿನ ಅಂಶ, ಮೊಟ್ಟೆ ಒಣಗಿ ಅಂಟಿದ ಪಾತ್ರೆಯನ್ನು ಕೆರೆದು, ನೆನೆಸಿಯೇ ಇಡಬೇಕು. ಅಲ್ಯೂಮಿನಿಯಂ ಪಾತ್ರೆ ಇಡಲೇಬೇಡಿ, ಕ್ಷಾರಕ್ಕೆ ಕಪ್ಪಾಗುತ್ತದೆ. ಯಂತ್ರಕ್ಕೆ ವಾರಂಟಿ ಇದ್ದರೆ ಅದರ ಪುಸ್ತಕ ಒಮ್ಮೆ ಓದಿಕೊಳ್ಳಿ.

ಬೆರೆಸುವಾಗ ಕೈಗವಸು ಹಾಕಿಕೊಳ್ಳಿ, ಪುಡಿ ಹಾರಿ ಕಣ್ಣಿಗೆ ಬೀಳದ ಹಾಗೆ ನೋಡಿಕೊಳ್ಳಿ. ಚಮಚ ಒಣಗಿರಲಿ. ಪರ್ಕಾರ್ಬೊನೇಟ್‌ಗೆ ನೀರು ತಾಗಿದರೆ ಆಮ್ಲಜನಕ ಬಿಡುತ್ತದೆ, ಬಿಗಿಯಾಗಿ ಮುಚ್ಚಿದ ಡಬ್ಬಿಯೊಳಗೆ ಒತ್ತಡ ಏರುತ್ತದೆ. ಡಬ್ಬಿಯ ಮೇಲೆ ದೊಡ್ಡದಾಗಿ ಹೆಸರು ಬರೆದು, ಅಡುಗೆ ಸಾಮಾನಿನಿಂದ ದೂರ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ನೋಡಲು ಸಕ್ಕರೆ, ಉಪ್ಪಿನ ಥರವೇ ಇರುತ್ತದೆ.